ಕತ್ತರಿಗಿಂತ ಮೊದಲು ಸೂಜಿ: ಉಚ್ಚಂಗಿ ಸೀಮೆಯ ಮನೆಹೊಲಿಗೆ

ಉಚ್ಚಂಗಿದುರ್ಗದ ಸುತ್ತಣ ಸೀಮೆಯಲ್ಲಿ, ಎಂದರೆ ಇಂದಿನ ವಿಜಯನಗರ ಜಿಲ್ಲೆಯ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳಲ್ಲಿ, ಮನೆಯೊಳಗಿನ ಹೊಲಿಗೆ ಬಹುಕಾಲ ಬಟ್ಟೆಯನ್ನು ಕತ್ತರಿಸಿ ಉಡುಪು ಮಾಡುವ ಕೆಲಸವಾಗಿರಲಿಲ್ಲ. ಅದು ಬಟ್ಟೆಯನ್ನು ಕೂಡಿಸುವ, ಬಿಗಿಗೊಳಿಸುವ, ಹರಿದುದನ್ನು ಮತ್ತೆ ಬಳಕೆಗೆ ತರುವ ಕೆಲಸವಾಗಿತ್ತು. ಮಗ್ಗದಿಂದ ಇಳಿದ ಸೀರೆ, ಧೋತರ, ಕಂಬಳಿ, ಹಚ್ಚಡಗಳು ಇಡಿಯಾಗಿಯೇ ಮೈಗೇರುತ್ತಿದ್ದವು. ಅವು ಸವೆದ ಮೇಲೆಯೇ ಸೂಜಿಯ ಸರದಿ ಬರುತ್ತಿತ್ತು. ಹೀಗಾಗಿ ಈ ಸೀಮೆಯಲ್ಲಿ ಬಟ್ಟೆಯ ಆಯ್ಕೆಯೆಂಬುದು ಎರಡು ಹಂತಗಳಲ್ಲಿ ನಡೆಯುತ್ತಿತ್ತು: ಒಮ್ಮೆ ಕೊಳ್ಳುವಾಗ ಅಥವಾ ನೇಯಿಸುವಾಗ, ಮತ್ತೊಮ್ಮೆ ಅದೇ ಬಟ್ಟೆ ಹಳೆಯದಾಗಿ ಯಾವುದನ್ನು ಯಾವುದರೊಡನೆ ಸೇರಿಸಿ ಹೊಲಿಯಬೇಕೆಂದು ಮನೆಯ ಹೆಂಗಸರು ತೀರ್ಮಾನಿಸುವಾಗ. ಈ ಎರಡನೆಯ ಆಯ್ಕೆಗೆ ಬೇಕಾದ ತಿಳಿವಳಿಕೆ ಮೊದಲನೆಯದಕ್ಕಿಂತ ಕಡಿಮೆಯದಲ್ಲವಾದರೂ ಇತಿಹಾಸ ಗ್ರಂಥಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ತೀರ ಸ್ವಲ್ಪ.

ಉಚ್ಚಂಗಿಯ ಕೋಟೆ ರಾಜಕೀಯ ಇತಿಹಾಸದಲ್ಲಿ ಹೆಸರಾದದ್ದು. ನೊಳಂಬವಾಡಿ 32000 ಎಂದು ಶಾಸನಗಳು ಕರೆಯುವ ನಾಡಿನ ಬಲವಾದ ನೆಲೆ ಇದಾಗಿದ್ದು, ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಪಾಂಡ್ಯ ಮನೆತನವೊಂದು ಇಲ್ಲಿಂದ ಆಳಿತು. ಆ ಕಾರಣದಿಂದಲೇ ಅವರಿಗೆ ಉಚ್ಚಂಗಿಯ ಪಾಂಡ್ಯರೆಂಬ ಹೆಸರು ನಿಂತಿದೆ. 12ನೇ ಶತಮಾನದ ಕೊನೆಯ ಭಾಗದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಈ ದುರ್ಗವನ್ನು ಗೆದ್ದು ಗಿರಿದುರ್ಗಮಲ್ಲನೆಂಬ ಬಿರುದನ್ನು ಧರಿಸಿದನು. ಕೋಟೆಯನ್ನು ಗೆದ್ದವರ ಮತ್ತು ಸೋತವರ ಹೆಸರುಗಳು ಕಲ್ಲಿನ ಮೇಲೆ ಉಳಿದವು. ಅದೇ ಕಾಲದಲ್ಲಿ ಬೆಟ್ಟದ ಬುಡದ ಮನೆಗಳಲ್ಲಿ ಜನ ಏನು ಉಟ್ಟರು, ಏನು ಹೊದ್ದರು ಎಂಬುದನ್ನು ಬೇರೆ ಬಗೆಯ ಸಾಕ್ಷ್ಯಗಳಿಂದ ಊಹಿಸಬೇಕಾಗುತ್ತದೆ.

ಅಂಥ ಸಾಕ್ಷ್ಯಗಳಲ್ಲಿ ಮೊದಲನೆಯದು ಪಾಂಡ್ಯರ ಒಡೆಯರಾದ ಚಾಲುಕ್ಯರ ಅರಮನೆಯಿಂದಲೇ ಬಂದದ್ದು. ಮೂರನೆಯ ಸೋಮೇಶ್ವರನು 12ನೇ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಅರಸನ ಭೋಗಗಳನ್ನು ವಿವರಿಸುವಾಗ ವಸ್ತ್ರಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಡುತ್ತದೆ. ನಾಗಪಟ್ಟಣ, ಸಿಂಹಳ, ಕಳಿಂಗ, ಮೂಲಸ್ಥಾನ ಎಂದರೆ ಮುಲ್ತಾನ್, ಮಹಾಚೀನ ಮೊದಲಾದ ಕಡೆಗಳಿಂದ ತರಿಸಿದ ಬಟ್ಟೆಗಳನ್ನು ಅದು ಹೆಸರಿಸುತ್ತದೆಯಲ್ಲದೆ, ಬಟ್ಟೆಯನ್ನು ಋತುವಿಗೆ ತಕ್ಕಂತೆ ಆರಿಸಿಕೊಳ್ಳಬೇಕೆಂದೂ, ಬೇಸಿಗೆಗೆ ತೆಳುವಾದ ಬಿಳಿಯ ಬಟ್ಟೆ ಒಪ್ಪುವುದೆಂದೂ ತಿಳಿಸುತ್ತದೆ. ಇದು ಅರಸನೊಬ್ಬನ ಉಗ್ರಾಣದ ಲೆಕ್ಕವೇ ಹೊರತು ಹಳ್ಳಿಯ ಮನೆಯದಲ್ಲ. ಆದರೂ ನೂಲಿನ ತೆಳುವು, ದಪ್ಪ, ಬಣ್ಣ, ಹವೆಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವ ವಿಚಾರ ಈ ನಾಡಿನಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಶಾಸ್ತ್ರವಾಗಿ ಬರೆಯಲ್ಪಟ್ಟಿತ್ತು ಎಂಬುದು ಗಮನಾರ್ಹ.

ಎರಡನೆಯ ಸಾಕ್ಷ್ಯ ಶಿಲ್ಪ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿಯೂ, ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಹೆಸರಾಂತ ಮದನಿಕೆಯರಲ್ಲಿಯೂ ಬಟ್ಟೆಯೆಂಬುದು ಸೊಂಟಕ್ಕೆ ಸುತ್ತಿ ನೆರಿಗೆ ಹಿಡಿದದ್ದಾಗಿ ತೋರುತ್ತದೆಯೇ ಹೊರತು ಅಳತೆಗೆ ಕತ್ತರಿಸಿ ಹೊಲಿದ ಉಡುಪಾಗಿ ತೋರುವುದಿಲ್ಲ. ಶಿಲ್ಪಿ ಸಂಪ್ರದಾಯಕ್ಕೆ ಕಟ್ಟುಬಿದ್ದವನಾದ್ದರಿಂದ ಇದನ್ನು ದಿನಬಳಕೆಯ ಉಡುಪಿನ ನೇರ ಚಿತ್ರವೆಂದು ಹೇಳಲಾಗದು. ಹೊಲಿಗೆ ಆ ಕಾಲಕ್ಕೆ ತಿಳಿದೇ ಇರಲಿಲ್ಲವೆಂದೂ ಹೇಳುವಂತಿಲ್ಲ: 11-12ನೇ ಶತಮಾನಗಳ ಶರಣರ ಸಾಲಿನಲ್ಲಿ ಕದಿರಿನಲ್ಲಿ ನೂಲುವ ಕಾಯಕದ ಕದಿರೆ ರೆಮ್ಮವ್ವೆಯೂ ನೇಯುವ ಜೇಡರ ದಾಸಿಮಯ್ಯನೂ ಇರುವಂತೆ ಸೂಜಿಕಾಯಕದ ರಾಮಿತಂದೆಯೂ ಇದ್ದಾನೆ. ಹೊಲಿಯುವವನನ್ನು ಕನ್ನಡ ಚಿಪ್ಪಿಗನೆಂದು ಕರೆದಿದೆ, ಮುಂದೆ ಸಿಂಪಿಗ, ದರ್ಜಿ ಎಂಬ ಹೆಸರುಗಳೂ ಸೇರಿಕೊಂಡವು. ಇಷ್ಟರಿಂದ ತಿಳಿಯುವುದೇನೆಂದರೆ, ಕತ್ತರಿಸಿ ಹೊಲಿಯುವ ಕೆಲಸ ಕಸುಬುದಾರನ ಕೈಯಲ್ಲಿತ್ತು; ಮನೆಯಲ್ಲಿದ್ದದ್ದು ಬೇರೊಂದು ಬಗೆಯ ಸೂಜಿಕೆಲಸ.

ವಿಜಯನಗರದ ಕಾಲಕ್ಕೆ ಬರುವಾಗ ಹೊಲಿದ ಉಡುಪು ಅಧಿಕಾರದ ಗುರುತಾಗುತ್ತದೆ. ಸುಮಾರು 1520ರಲ್ಲಿ ಹಂಪೆಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬಿಳಿಯ ಬಟ್ಟೆಯ ಮೇಲಿನ ಚಿನ್ನದ ಹೂಗಳ ಕಸೂತಿಯನ್ನೂ ತಲೆಯ ಮೇಲಿನ ಎತ್ತರದ ಜರಿಯ ಟೋಪಿಯನ್ನೂ ಬಣ್ಣಿಸಿದ್ದಾನೆ. ಆ ಟೋಪಿಯೇ ಕುಲ್ಲಾಯಿ. ಅದರೊಡನೆ ತೊಡುತ್ತಿದ್ದ ಉದ್ದ ತೋಳಿನ ನಿಲುವಂಗಿಯೇ ಕಬಾಯಿ. ಇವೆರಡೂ ಪಶ್ಚಿಮ ಏಷ್ಯಾದ ಆಸ್ಥಾನಗಳ ಉಡುಪಿನಿಂದ ಬಂದವು. ಅರಸರೂ ಅವರ ಅಧಿಕಾರಿಗಳೂ ಸಭೆಯಲ್ಲಿ ಅವನ್ನು ತೊಡುತ್ತಿದ್ದರೆಂಬುದನ್ನು ಫಿಲಿಪ್ ವ್ಯಾಗ್ನರ್ 1996ರ ತಮ್ಮ ಲೇಖನದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ಪೂಜೆಗೆ, ಅಡುಗೆಗೆ, ಮಂಗಳಕಾರ್ಯಕ್ಕೆ ಹೊಲಿಗೆ ಬೀಳದ ಬಟ್ಟೆಯೇ ಬೇಕೆಂಬ ಮಡಿಯ ನಿಯಮ ಅದರ ಪಕ್ಕದಲ್ಲಿಯೇ ಉಳಿದುಕೊಂಡಿತು. ಕತ್ತರಿ ಮನೆಯ ಒಳಕ್ಕೆ ತಡವಾಗಿ ಬಂದದ್ದಕ್ಕೆ ಬಡತನದಷ್ಟೇ ಈ ನಂಬಿಕೆಯೂ ಕಾರಣವೆನ್ನಬಹುದು.

ಈ ಸೀಮೆಯ ನೆಲ ಎರಡು ನಾರುಗಳನ್ನು ಕೊಟ್ಟಿದೆ. ಎರೆಭೂಮಿ ಹತ್ತಿಯನ್ನು ಬೆಳೆಯಿತು. ಮದ್ರಾಸ್ ಪ್ರಾಂತದ ಕಾಲದಲ್ಲಿ ಬಳ್ಳಾರಿ, ಅನಂತಪುರ, ಕರ್ನೂಲು ಕಡೆಯ ಹತ್ತಿಗೆ ಮಾರುಕಟ್ಟೆಯಲ್ಲಿ ವೆಸ್ಟರ್ನ್ಸ್ ಎಂಬ ಹೆಸರೇ ಇತ್ತು. ಕಲ್ಲುಗುಡ್ಡ, ಕುರುಚಲು ಕಾಡಿನ ಒಣನೆಲ ಕುರಿಯನ್ನು ಸಾಕಿತು, ಅದರ ಉಣ್ಣೆಯಿಂದ ಕಂಬಳಿ ಬಂತು. ಕಂಬಳಿಯನ್ನು ನೇಯುವವರು ಹಾಲುಮತದ ಕುರುಬರು. ದಖ್ಖನಿ ತಳಿಯ ಕುರಿಯ ಉಣ್ಣೆ ಒರಟು, ಮೋಟು, ಹೆಚ್ಚಾಗಿ ಕಪ್ಪು. ಅದನ್ನು ಹೆಂಗಸರು ಹಿಂಜಿ ನೂತರೆ, ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಾರೆ. ಮಗ್ಗದ ಉದ್ದಕ್ಕೆ ಚಾಚಿದ ಎಳೆಗಳಿಗೆ ಹಾಸು ಎಂದೂ, ಅವುಗಳ ನಡುವೆ ಅಡ್ಡಲಾಗಿ ಹಾಯುವ ಎಳೆಗೆ ಹೊಕ್ಕು ಎಂದೂ ಹೆಸರು. ಒರಟು ಉಣ್ಣೆಯ ಹಾಸು ನೇಯುವಾಗ ತುಂಡಾಗದಿರಲೆಂದು ಹುಣಿಸೆಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ಅದಕ್ಕೆ ಹಚ್ಚಿ ಒಣಗಿಸುತ್ತಾರೆ. ಹೊಸ ಕಂಬಳಿ ಬಿರುಸಾಗಿರುವುದಕ್ಕೂ ಮೊದಲ ಮಳೆಗಳಲ್ಲಿ ನೀರನ್ನು ಬೇಗ ಒಳಕ್ಕೆ ಬಿಡದಿರುವುದಕ್ಕೂ ಈ ಗಂಜಿಯೂ ಒಂದು ಕಾರಣ. ಕಂಬಳಿಗೆ ಸೂಜಿ ತಾಗುವುದು ಅಂಚು ಬಿಚ್ಚದಂತೆ ಭದ್ರಪಡಿಸುವಷ್ಟಕ್ಕೆ ಮಾತ್ರ. ಹೊಲದಲ್ಲಿ ಮಳೆ ಬಂದರೆ ಅದನ್ನೇ ತಲೆಯ ಮೇಲೆ ಮೂಲೆ ಬರುವಂತೆ ಮಡಚಿ ಕೊಪ್ಪೆ ಮಾಡಿಕೊಳ್ಳುತ್ತಾರೆ, ಮನೆಗೆ ಬಂದಾಗ ಹಾಸುತ್ತಾರೆ, ರಾತ್ರಿ ಹೊದೆಯುತ್ತಾರೆ, ದೈವಕಾರ್ಯಕ್ಕೆ ಅದನ್ನೇ ಗದ್ದುಗೆಯಾಗಿ ಹಾಕುತ್ತಾರೆ. ಕತ್ತರಿಸದ ಬಟ್ಟೆಯೊಂದು ಎಷ್ಟು ಕೆಲಸಗಳಿಗೆ ಒದಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ಸಿಗಲಾರದು.

ಮನೆಹೊಲಿಗೆಯ ನಿಜವಾದ ಕ್ಷೇತ್ರ ಕೌದಿ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರಪದರವಾಗಿ ಹಾಸಿ ಒಟ್ಟಿಗೆ ಹೊಲಿದ ಹೊದಿಕೆ ಅಥವಾ ಹಾಸಿಗೆಯೇ ಕೌದಿ. ಬಂಗಾಳದ ಕಾಂತಾ, ಬಿಹಾರದ ಸುಜನಿ, ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ, ಜಪಾನಿನ ಹಳ್ಳಿಗರ ತೇಪೆಬಟ್ಟೆಗಳೆಲ್ಲ ಇದೇ ಕುಲದವು. ಬಟ್ಟೆ ದುಬಾರಿಯಾಗಿದ್ದ ಹಲವು ಕಡೆಗಳಲ್ಲಿ ಜನ ಈ ಉಪಾಯವನ್ನು ಕಂಡುಕೊಂಡಿದ್ದಾರೆ. ಆದರೆ ಕೌದಿಯನ್ನು ಬರಿಯ ಬಡತನದ ವಸ್ತುವೆಂದು ಬದಿಗಿಡುವುದು ಅನ್ಯಾಯ. ಅದರ ಒಳಗೆ ಬಟ್ಟೆಯ ಬಗೆಗಿನ ಖಚಿತವಾದ ವಿವೇಕವಿದೆ.

ಕೌದಿ ಹೊಲಿಯುವವಳು ಮೊದಲು ಬಟ್ಟೆಗಳನ್ನು ವಿಂಗಡಿಸುತ್ತಾಳೆ. ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆ ಮೈಗೆ ತಾಗುವ ಪದರಕ್ಕೆ ಹೋಗುತ್ತದೆ. ನೆಲಕ್ಕೆ ತಾಗುವ ತಳದ ಪದರಕ್ಕೆ ಗಟ್ಟಿಯಾದ ದಪ್ಪ ಬಟ್ಟೆ ಬೇಕು. ಜೀರ್ಣವಾಗಿ ತನ್ನ ಭಾರವನ್ನೇ ತಾಳಲಾರದ ತುಂಡುಗಳು ನಡುವೆ ಸೇರಿ ಎರಡೂ ಕಡೆಯ ಪದರಗಳ ಆಸರೆಯಲ್ಲಿ ಉಳಿಯುತ್ತವೆ. ರೇಷ್ಮೆಯನ್ನು ಬಳಸುವುದು ಕಡಿಮೆ, ಏಕೆಂದರೆ ಅದು ಜಾರುತ್ತದೆ, ಮತ್ತು ನೂಲಿನೊಡನೆ ಒಂದೇ ಬಗೆಯಾಗಿ ಒಗೆತವನ್ನು ತಾಳುವುದಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ನೆನೆಸಿ ಪರೀಕ್ಷಿಸಬೇಕು, ಇಲ್ಲದಿದ್ದರೆ ಒಂದು ಒಗೆತಕ್ಕೆ ಇಡೀ ಕೌದಿ ಕೆಡುತ್ತದೆ. ತುಂಡುಗಳನ್ನು ಇಡುವಾಗ ಹಾಸಿನ ದಿಕ್ಕನ್ನು ನೋಡುವುದೂ ಮುಖ್ಯ: ಬಟ್ಟೆಯನ್ನು ಉದ್ದಕ್ಕೆ ಅಥವಾ ಅಡ್ಡಕ್ಕೆ ಎಳೆದರೆ ಅದು ಹೆಚ್ಚು ಹಿಗ್ಗುವುದಿಲ್ಲ, ಓರೆಯಾಗಿ ಎಳೆದರೆ ಹಿಗ್ಗುತ್ತದೆ, ಆದ್ದರಿಂದ ಓರೆಯಾಗಿ ಹರಿದ ತುಂಡನ್ನು ಅಂಚಿಗೆ ಇಟ್ಟರೆ ಕೌದಿಯ ಮೂಲೆ ಸೊಟ್ಟಗಾಗುತ್ತದೆ. ಹೊಲಿಗೆಶಾಲೆಗಳಲ್ಲಿ ಪಾಠವಾಗಿ ಹೇಳಿಕೊಡುವ ಈ ಸಂಗತಿಯನ್ನು ಹಳ್ಳಿಯ ಅಜ್ಜಿಯರು ಬೆರಳಿನಿಂದಲೇ ತಿಳಿದವರು.

ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅಂಚನ್ನು ಒಳಕ್ಕೆ ಮಡಚಿದ ಮೇಲೆ, ಒಂದು ಮೂಲೆಯಿಂದ ಹೊಲಿಗೆ ಶುರುವಾಗುತ್ತದೆ. ಸೂಜಿ ಎಲ್ಲ ಪದರಗಳನ್ನೂ ಹಾಯ್ದು ಕೆಳಗಿಳಿದು ಮೇಲೇಳುತ್ತ, ಸಮನಾದ ಅಂತರದ ಸಣ್ಣ ಗೆರೆಗಳನ್ನು ಬಿಡುತ್ತ ಹೋಗುತ್ತದೆ. ಇದು ಹೊಲಿಗೆಗಳಲ್ಲೆಲ್ಲ ಸರಳವಾದ ಓಟದ ಹೊಲಿಗೆ. ಅಂಚಿನ ಸುತ್ತು ಮುಗಿದ ಮೇಲೆ ಅದರ ಒಳಗೆ ಎರಡನೆಯ ಸುತ್ತು, ಅದರ ಒಳಗೆ ಮೂರನೆಯದು, ಹೀಗೆ ಹೊರಗಿನಿಂದ ನಡುವಿನತ್ತ ಸಾಲುಗಳು ಸೇರುತ್ತ ಬರುತ್ತವೆ. ಈ ಕ್ರಮಕ್ಕೆ ಕಾರಣವಿದೆ: ಅಂಚು ಮೊದಲೇ ಹಿಡಿತಕ್ಕೆ ಬಂದರೆ ಒಳಗಿನ ತುಂಡುಗಳು ಜರುಗಲಾರವು. ಪದರಗಳ ನಡುವೆ ನಿಂತ ಗಾಳಿಯಿಂದ ಹೊದಿಕೆ ಬೆಚ್ಚಗಿರುತ್ತದೆ. ಕೆಲಸ ಬೇಸಿಗೆಯಲ್ಲಿ, ಹೊಲದ ದುಡಿಮೆ ಇಲ್ಲದ ದಿನಗಳಲ್ಲಿ, ಮನೆಯ ಪಡಸಾಲೆಯಲ್ಲಿ ಅಥವಾ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಕೂಡಿ ನಡೆಯುತ್ತದೆ. ಗೊಂದಲಿಗರೇ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವುದೂ ಉಂಟು; ಬಟ್ಟೆ ಮನೆಯವರದು, ಕೈ ಅವರದು. ಆ ಕೈಗಳ ಕೌಶಲಕ್ಕೆ ಸಿಗುವ ಕೂಲಿ ಯಾವ ಕಾಲದಲ್ಲಿಯೂ ಅದಕ್ಕೆ ತಕ್ಕಂತೆ ಇರಲಿಲ್ಲವೆಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಕೂಸಿನ ಬಟ್ಟೆಯಲ್ಲಿ ಇದೇ ವಿವೇಕ ಇನ್ನಷ್ಟು ನಯವಾಗಿ ಕಾಣುತ್ತದೆ. ಹುಟ್ಟಿದ ಮಗುವಿಗೆ ಹೊಸ ಬಟ್ಟೆಯ ಬಿರುಸು ತಾಗಬಾರದೆಂದು ಹಳೆಯ ಸೀರೆಯ ತುಂಡನ್ನೇ ಮೊದಲು ಹೊದಿಸುವುದು ರೂಢಿ. ತಲೆಗೆ ಟೋಪಿಯಂತೆ ಕೂತು ಬೆನ್ನ ಮೇಲೆ ಇಳಿಬೀಳುವ ಕುಂಚಿಗೆಯನ್ನು ಅಜ್ಜಿಯೋ ಸೋದರತ್ತೆಯೋ ಖಣದ ತುಂಡುಗಳಿಂದ ಹೊಲಿಯುತ್ತಾರೆ. ತಲೆಯ ಗುಂಡಗಿನ ಆಕಾರಕ್ಕೆ ಬಟ್ಟೆಯನ್ನು ಹೊಂದಿಸುವುದು ಸುಲಭದ ಕೆಲಸವಲ್ಲ. ಮನೆಯಲ್ಲಿ ಕತ್ತರಿ ಮತ್ತು ಸೂಜಿ ಜೊತೆಯಾಗಿ ನಡೆದ ಮೊದಲ ಜಾಗಗಳಲ್ಲಿ ಕುಂಚಿಗೆ ಒಂದು.

ಖಣವೆಂದರೆ ಕುಪ್ಪಸಕ್ಕೆಂದೇ ನೇಯ್ದ, ಎರಡೂ ಬದಿಗೆ ಅಂಚುಳ್ಳ ಬಟ್ಟೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಅದಕ್ಕೆ ಹೆಸರುವಾಸಿ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಎಂಬ ಜೋಡಿ ತುಂಗಭದ್ರೆಯ ಎರಡೂ ದಡಗಳ ಹೆಂಗಸರ ಒಳ್ಳೆಯ ಉಡುಗೆಯಾಗಿ ನಿಂತಿತು. ಹಳೆಯ ಕ್ರಮದ ಕುಪ್ಪಸವನ್ನು ಒಂದೇ ಖಣದಲ್ಲಿ, ಬಟ್ಟೆ ಹಾಳಾಗದಂತೆ ಕತ್ತರಿಸುತ್ತಾರೆ: ಖಣದ ಅಂಚು ತೋಳಿನ ತುದಿಗೆ ಬರುವಂತೆ ಇಟ್ಟರೆ ಅಲ್ಲಿ ಮಡಚಿ ಹೊಲಿಯುವ ಕೆಲಸವೇ ಉಳಿಯುವುದಿಲ್ಲ, ಉಳಿದ ತುಂಡು ಕಂಕುಳಿನ ಚೌಕಕ್ಕೆ ಬೀಳುತ್ತದೆ, ಅದರಿಂದ ತೋಳೆತ್ತಿ ದುಡಿಯುವಾಗ ಬಟ್ಟೆ ಹರಿಯುವುದಿಲ್ಲ. ಗುಂಡಿ ಬೇಡ, ಮುಂದೆ ಗಂಟು ಹಾಕಿದರೆ ಸಾಕು. ನೇಯುವವನ ಅಳತೆಯೂ ಹೊಲಿಯುವವಳ ಅಳತೆಯೂ ಒಂದನ್ನೊಂದು ಬಲ್ಲವಾಗಿದ್ದವು.

ಖಣದ ಆಯ್ಕೆಯಲ್ಲಿ ಇನ್ನೊಂದು ವಿಶೇಷವಿದೆ. ಅದು ಬಹಳ ಸಲ ತೊಡುವವಳ ಆಯ್ಕೆಯೇ ಅಲ್ಲ. ಉಚ್ಚಂಗಿದುರ್ಗದ ಬೆಟ್ಟದ ಮೇಲಿನ ಉಚ್ಚಂಗೆಮ್ಮನಿಗೆ ಭರತ ಹುಣ್ಣಿಮೆಯ ಸಮಯದಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆರೆಯುವ ಭಕ್ತರು ಉಡಿ ತುಂಬುತ್ತಾರೆ. ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಎಲೆಯಡಿಕೆ, ಅರಿಸಿನ ಕುಂಕುಮಗಳ ಜೊತೆಗೆ ಖಣವೂ ಇರಬೇಕು. ಅಮ್ಮನಿಗೆ ಹೇಗೋ ಹಾಗೆ ಮನೆಮಗಳಿಗೂ, ಬಸುರಿಗೂ, ಬಂದ ಮುತ್ತೈದೆಗೂ. ಹೀಗೆ ಬಂದ ಖಣಗಳು ಪೆಟ್ಟಿಗೆಯಲ್ಲಿ ಕೂಡುತ್ತವೆ, ಮತ್ತೊಬ್ಬರ ಉಡಿಗೆ ಹೋಗುತ್ತವೆ, ಕೆಲವು ಮಾತ್ರ ಕುಪ್ಪಸವಾಗುತ್ತವೆ, ಅಳತೆ ಸಾಲದವು ಕುಂಚಿಗೆಗೋ ಕೌದಿಯ ಮೇಲ್ಪದರಕ್ಕೋ ಸಲ್ಲುತ್ತವೆ. ಅಂಗಡಿಯ ಲೆಕ್ಕದಿಂದ ಮಾತ್ರ ಬಟ್ಟೆಯ ಇತಿಹಾಸವನ್ನು ಬರೆಯಹೊರಟರೆ ಈ ಓಡಾಟ ಪೂರ್ತಿಯಾಗಿ ತಪ್ಪಿಹೋಗುತ್ತದೆ.

ಇದೇ ತಾಲ್ಲೂಕುಗಳ ತಾಂಡಾಗಳಲ್ಲಿ, ಎಂದರೆ ಲಂಬಾಣಿಗರ ನೆಲೆಗಳಲ್ಲಿ, ಹೊಲಿಗೆ ಬೇರೊಂದು ಎತ್ತರವನ್ನು ಮುಟ್ಟಿದೆ. ಎತ್ತಿನ ಹೇರುಗಳಲ್ಲಿ ದವಸ, ಉಪ್ಪುಗಳನ್ನು ಸಾಗಿಸುತ್ತ ಸೈನ್ಯಗಳಿಗೂ ಸಂತೆಗಳಿಗೂ ಒದಗಿಸುತ್ತಿದ್ದ ಈ ಜನ, 19ನೇ ಶತಮಾನದಲ್ಲಿ ರಸ್ತೆ ಮತ್ತು ರೈಲು ಬಂದಂತೆ ಆ ಬದುಕನ್ನು ಕಳೆದುಕೊಂಡರು. ಬ್ರಿಟಿಷ್ ಸರಕಾರದ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಂಥ ಅಲೆಮಾರಿಗಳನ್ನು ಹುಟ್ಟಿನಿಂದಲೇ ಶಂಕಿತರೆಂದು ಕಂಡ ಕಾನೂನು. ಊರು ಬದಲಾದರೂ ಉಡುಪು ಬದಲಾಗದಂತೆ ಲಂಬಾಣಿ ಹೆಂಗಸರು ಹಿಡಿದುಕೊಂಡರು: ನೆರಿಗೆಯ ಫೇಟಿಯಾ ಎಂಬ ಲಂಗ, ಬೆನ್ನು ತೆರೆದ ಕಾಂಚಳಿ ಎಂಬ ಕುಪ್ಪಸ, ತಲೆಯ ಮೇಲಿನ ಟುಕ್ರಿ ಎಂಬ ಮೇಲುಹೊದಿಕೆ. ಮೂರನ್ನೂ ಅವರು ತಾವೇ ಹೊಲಿದು, ತಾವೇ ಕಸೂತಿ ಹಾಕಿ, ಕನ್ನಡಿ, ಕವಡೆ, ನಾಣ್ಯಗಳನ್ನು ಕಟ್ಟಿದರು.

ಲಂಬಾಣಿ ಕಸೂತಿಗೆ ಬಟ್ಟೆಯ ಆಯ್ಕೆಯೇ ಅಡಿಪಾಯ. ಕಿಲನ್, ವೇಲೆ, ಬಕ್ಕ್ಯಾ, ಮಾಕಿ, ರೇಲೋ, ಪೊಟೆ, ಜೊಲ್ಲ್ಯಾ, ನಾಕ್ರಾ ಮೊದಲಾದ 14 ಬಗೆಯ ಹೊಲಿಗೆಗಳನ್ನು ಸಂಡೂರಿನ ಕಲಾವಿದೆಯರ ಕೆಲಸದಲ್ಲಿ ಗುರುತಿಸಲಾಗಿದೆ, ಅವುಗಳಲ್ಲಿ ಹಲವು ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ಹಾಕುವಂಥವು. ಮೊದಲು ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವುದಿಲ್ಲ. ಹಾಸು ಹೊಕ್ಕುಗಳೇ ಗೆರೆಯ ಕೆಲಸ ಮಾಡುತ್ತವೆ. ಹೀಗಾಗಿ ಎಳೆ ಕಣ್ಣಿಗೆ ಕಾಣುವಂಥ, ಸಮನಾಗಿ ನೇಯ್ದ, ಸ್ವಲ್ಪ ಒರಟಾದ ಕೈಮಗ್ಗದ ಬಟ್ಟೆಯೇ ಬೇಕು. ಗಿರಣಿಯ ನುಣುಪಾದ ಬಟ್ಟೆಯಲ್ಲಿ ಎಳೆ ಎಣಿಸಲಾಗದು, ಸೂಜಿ ಹೋದ ಹಾದಿಯೂ ನೆಟ್ಟಗಿರುವುದಿಲ್ಲ. ಕೂಡ್ಲಿಗಿಯ ನೆರೆಯ ಸಂಡೂರಿನಲ್ಲಿ 1980ರ ದಶಕದಲ್ಲಿ ಹುಟ್ಟಿದ ಸಂಡೂರು ಕುಶಲ ಕಲಾ ಕೇಂದ್ರ ಈ ಕಸುಬನ್ನು ದುಡಿಮೆಯ ದಾರಿಯಾಗಿಸಿತು, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. 2023ರ ಜುಲೈಯಲ್ಲಿ ಹಂಪೆಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ತಯಾರಿಸಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ತಮಗಾಗಿ ಹೊಲಿದುಕೊಳ್ಳುತ್ತಿದ್ದವರು ಈಗ ಬೇರೆಯವರ ದಿಂಬಿಗೆ, ಚೀಲಕ್ಕೆ ಹೊಲಿಯುತ್ತಿದ್ದಾರೆ. ತಾಂಡಾದ ಹೊಸ ತಲೆಮಾರಿನವರಲ್ಲಿ ಫೇಟಿಯಾ ತೊಡುವವರು ವಿರಳವಾಗುತ್ತಿದ್ದಾರೆ. ಕಸುಬು ಉಳಿದು ಉಡುಪು ಮರೆಯಾಗುವ ಈ ಸ್ಥಿತಿಯನ್ನು ಬರಿಯ ಗೆಲುವೆಂದು ಕೊಂಡಾಡಲು ಮನಸ್ಸು ಒಪ್ಪುವುದಿಲ್ಲ, ಆದರೆ ಆ ದುಡಿಮೆ ಎಷ್ಟೋ ಮನೆಗಳ ಒಲೆ ಉರಿಸಿದೆ ಎಂಬುದೂ ಅಷ್ಟೇ ನಿಜ.

20ನೇ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದ ಮೇಲೆ ಗಿರಣಿ ಬಟ್ಟೆ ಈ ಬಯಲಿಗೆ ಸಲೀಸಾಗಿ ಇಳಿಯಿತು. ಉಚ್ಚಂಗಿದುರ್ಗದ ಮಟ್ಟಿಗೆ ಹತ್ತಿರದ ಪೇಟೆ ದಾವಣಗೆರೆ. 1953ರವರೆಗೆ ದುರ್ಗ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿ, ದಾವಣಗೆರೆ ಮೈಸೂರಿನಲ್ಲಿ. ಆಡಳಿತದ ಗಡಿ ನಡುವೆ ಇದ್ದರೂ ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಆ ಊರಿನ ಬಟ್ಟೆ ಅಂಗಡಿಗಳಿಗೆ ಜನ ನಡೆದೇ ನಡೆದರು. ಮಾದರಪಾಟು, ಮಲ್ಲು, ಪಾಪ್ಲಿನ್, ವಾಯಿಲ್ ಎಂಬ ಹೆಸರುಗಳು ಮನೆಮಾತಾದವು. ಗಜದ ಲೆಕ್ಕದಲ್ಲಿ ಸಿಗುವ ಈ ಬಟ್ಟೆಗೆ ತನ್ನದೇ ಆದ ಆರಂಭ, ಕೊನೆ ಇರಲಿಲ್ಲ. ಅದನ್ನು ಕತ್ತರಿಸದೆ ಬಳಸುವಂತೆಯೇ ಇರಲಿಲ್ಲ. ಕತ್ತರಿ ಮನೆಯಲ್ಲಿ ದಿನಬಳಕೆಯದಾದದ್ದು ಹೀಗೆ.

ಹೊಲಿಗೆಯಂತ್ರ ಅದರ ಹಿಂದೆಯೇ ಬಂತು. ಅಮೆರಿಕದ ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಯಂತ್ರ 19ನೇ ಶತಮಾನ ಮುಗಿಯುವ ಮೊದಲೇ ಭಾರತದ ಪೇಟೆಗಳಿಗೆ ಬಂದಿತ್ತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ತಯಾರಾಗತೊಡಗಿದ ಉಷಾ ಯಂತ್ರ ಅದನ್ನು ಇನ್ನೂ ಹತ್ತಿರ ತಂದಿತು. ಯಂತ್ರಗಳನ್ನು ವಿರೋಧಿಸಿದ ಗಾಂಧೀಜಿ ಕೂಡ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು, ಹೆಂಡತಿಯ ಬೇಸರದ ದುಡಿಮೆಯನ್ನು ಹಗುರಮಾಡುವ ಪ್ರೀತಿಯಿಂದ ಅದು ಹುಟ್ಟಿತೆಂದು ಅವರು ನಂಬಿದ್ದರು. ಹಳ್ಳಿಗಳಲ್ಲಿ ಯಂತ್ರ ಮೊದಲು ಕೂತದ್ದು ಬಟ್ಟೆ ಅಂಗಡಿಯ ಜಗಲಿಯ ಮೇಲೆ, ದರ್ಜಿಯ ಕೈಗೆ. ಮನೆಯೊಳಗೆ ಬಂದದ್ದು ಬಹಳ ತಡವಾಗಿ, ಹೊಲಿಗೆ ತರಬೇತಿ ಕೇಂದ್ರಗಳು, ಸರಕಾರದ ಯಂತ್ರ ವಿತರಣೆ, ವರದಕ್ಷಿಣೆಯ ಸಾಮಾನು ಎಂಬ ಹಲವು ದಾರಿಗಳಿಂದ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ಯಂತ್ರದಿಂದ ಮನೆಯಲ್ಲಿ ಬೆಳೆದ ಕೆಲಸವೆಂದರೆ ರವಿಕೆ ಹೊಲಿಯುವುದು, ಸೀರೆಗೆ ಫಾಲ್ಸ್ ಹಚ್ಚುವುದು, ಮಕ್ಕಳ ಶಾಲೆಯ ಅಂಗಿ ಲಂಗಗಳು. ಅಂಚು ಮಡಚುವ ಹೆಮ್ಮಿಂಗ್, ಗುಂಡಿಯ ಕಾಜಾ ಇವು ಇಂದಿಗೂ ಬಹಳ ಕಡೆ ಕೈಹೊಲಿಗೆಯವೇ. ತುಣುಕಿನ ಲೆಕ್ಕದಲ್ಲಿ ಇವನ್ನು ಮಾಡುವವರು ಹೆಚ್ಚಾಗಿ ನೆರೆಮನೆಯ ಹೆಂಗಸರು.

1970ರ ದಶಕದ ಹೊತ್ತಿಗೆ ಟೆರ್ಲಿನ್, ಟೆರಿಕಾಟ್ ಎಂಬ ಕೃತಕ ನೂಲಿನ ಬಟ್ಟೆಗಳು ಬಂದಾಗ ಮನೆಹೊಲಿಗೆಯ ಹಳೆಯ ಲೆಕ್ಕಾಚಾರ ತಲೆಕೆಳಗಾಯಿತು. ಈ ಬಟ್ಟೆ ಸುಕ್ಕುಗಟ್ಟುವುದಿಲ್ಲ, ಬೇಗ ಒಣಗುತ್ತದೆ, ವರ್ಷಗಟ್ಟಲೆ ಹರಿಯುವುದಿಲ್ಲ. ಬರದ ಸೀಮೆಯಲ್ಲಿ ನೀರಿಗೆ ದೂರ ನಡೆಯುವ ಹೆಂಗಸರು ಅದನ್ನು ಮೆಚ್ಚಿಕೊಂಡದ್ದು ಸಹಜ. ಆದರೆ ಅದು ಬೆವರನ್ನು ಹೀರುವುದಿಲ್ಲ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ, ಹಳೆಯದಾದರೂ ಮೆತ್ತಗಾಗುವುದಿಲ್ಲ. ಕೌದಿಗೆ ಅದನ್ನು ಹಾಕಿದರೆ ಪದರಗಳು ಒಂದರ ಮೇಲೊಂದು ಜಾರುತ್ತವೆ. ಅದಕ್ಕಾಗಿ ಹೊಲಿಯುವವರು ಸಿಂಥೆಟಿಕ್ ಸೀರೆಯನ್ನು ಮೇಲ್ಪದರದ ಬಣ್ಣಕ್ಕೆ ಮಾತ್ರ ಇಟ್ಟು, ಒಳಗೆ ನೂಲಿನ ಬಟ್ಟೆಯನ್ನೇ ಹಾಕಿ, ಸಾಲುಗಳನ್ನು ಮೊದಲಿಗಿಂತ ಹತ್ತಿರ ತಂದರು. ನೂಲಿನ ಸೀರೆ ಉಡುವವರು ಕಡಿಮೆಯಾದಷ್ಟೂ ಆ ಒಳಪದರಕ್ಕೆ ಬಟ್ಟೆ ಸಿಗುವುದು ಕಷ್ಟವಾಗಿ, ಈಗ ಹಳೆಯ ಪಂಚೆಗಳನ್ನೂ ಹಾಸಿಗೆಯ ಚಾದರಗಳನ್ನೂ ಕೂಡಿಡುತ್ತಾರೆ, ಸಾಲದಿದ್ದರೆ ಬಟ್ಟೆ ಅಂಗಡಿಯಿಂದ ಹೊಸ ಕಾಟನ್ ಲೈನಿಂಗ್ ಬಟ್ಟೆಯನ್ನು ಮೀಟರಿನ ಲೆಕ್ಕದಲ್ಲಿ ಕೊಂಡು, ಗಂಜಿ ಹೋಗುವವರೆಗೆ ಎರಡು ಮೂರು ಸಲ ಒಗೆದು, ಆಮೇಲೆ ಹಾಸುತ್ತಾರೆ.